ಐಬಿಎಸ್ ಇದ್ದರೆ ಜೀವನಪೂರ್ತಿ ಅನ್ನ-ಮಜ್ಜಿಗೆಯೇ ಗತಿಯೆ?

ಪ್ರಶ್ನೆ: ಡಾಕ್ಟರೇ, ನನಗೆ 34 ವರ್ಷ. ಹಾಸನ ಜಿಲ್ಲೆಯಲ್ಲಿ ಹೈಸ್ಕೂಲ್ ಶಿಕ್ಷಕಿ. ನಾಲ್ಕು ವರ್ಷದ ಹಿಂದೆ ಒಂದು ಮದುವೆಯಲ್ಲಿ ಉಂಡು ಬಂದ ಮೇಲೆ ವಾಂತಿ-ಭೇದಿ ಆಯಿತು. ವಾರದಲ್ಲಿ ವಾಸಿಯಾಯಿತು, ಆದರೆ ಹೊಟ್ಟೆ ಮತ್ತೆ ಮೊದಲಿನಂತಾಗಲಿಲ್ಲ. ಬೆಳಿಗ್ಗೆ ಬಸ್ಸಿಗೆ ಹೊರಡುವಷ್ಟರಲ್ಲಿ ಮೂರು-ನಾಲ್ಕು ಸಲ ಟಾಯ್ಲೆಟ್‌ಗೆ ಹೋಗಬೇಕು. ಹೊಕ್ಕುಳ ಕೆಳಗೆ ನುಲಿಯುತ್ತದೆ, ಹೋಗಿ ಬಂದರೆ ಕಡಿಮೆಯಾಗುತ್ತದೆ. ಸಂಜೆ ಹೊಟ್ಟೆ ಉಬ್ಬಿ ನೆರಿಗೆ ಸಡಿಲಿಸಿಕೊಳ್ಳಬೇಕು. ತಿಂದದ್ದು ಹತ್ತು ನಿಮಿಷಕ್ಕೆ ಹಾಗೇ ಹೊರಗೆ ಹೋಗುತ್ತದೆ ಅನಿಸುತ್ತದೆ. ಎರಡು ವರ್ಷದ ಹಿಂದೆ ಮಾಡಿಸಿದ ಕೊಲೊನೋಸ್ಕೋಪಿ (ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವುದು), ಬಯಾಪ್ಸಿ ನಾರ್ಮಲ್ ಬಂದವು. ಐಬಿಎಸ್, ಅಂದರೆ ಕರುಳು ಕೆರಳುವ ಇರಿಟಬಲ್ ಬವೆಲ್ ಸಿಂಡ್ರೋಮ್ ಅಂದರು, ಆಗದ್ದನ್ನು ಬಿಡಿ ಅಂದರು. ಮೊದಲು ಹಾಲು ಬಿಟ್ಟೆ. ಆಮೇಲೆ ಗೋಧಿ, ತೊಗರಿಬೇಳೆ, ಈರುಳ್ಳಿ, ರಾಗಿ ಮುದ್ದೆ, ಸೊಪ್ಪು, ಹಣ್ಣು. ಆಲೂಗಡ್ಡೆ ವಾಯು, ಬದನೆ ನಂಜು ಅಂತ ಅತ್ತೆ ಹೇಳಿದರು, ಅವನ್ನೂ ಬಿಟ್ಟೆ. ಒಂದು ಲ್ಯಾಬ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಆಹಾರಗಳ ರಕ್ತಪರೀಕ್ಷೆ ಮಾಡಿಸಿದೆ, 38 ಪದಾರ್ಥ ಆಗುವುದಿಲ್ಲ ಅಂತ ಬಂತು. ಊರಿನಲ್ಲಿ ಮಲಪರೀಕ್ಷೆ ಮಾಡಿದಾಗಲೆಲ್ಲ ಅಮೀಬಾ ಇದೆ ಅಂತ ಐದು ದಿನದ ಮಾತ್ರೆ ಕೊಡುತ್ತಾರೆ. ಈಗ ಮೆತ್ತಗಿನ ಅನ್ನ, ಗಂಜಿ, ಮಜ್ಜಿಗೆ, ಬೇಯಿಸಿದ ಕ್ಯಾರೆಟ್ ಅಷ್ಟೇ ತಿನ್ನುತ್ತಿದ್ದೇನೆ. ಒಂದೂವರೆ ವರ್ಷದಲ್ಲಿ 54 ಕೆ.ಜಿ. ಇದ್ದವಳು 46ಕ್ಕೆ ಬಂದಿದ್ದೇನೆ. ಎತ್ತರ 5 ಅಡಿ 2 ಇಂಚು. ಆದರೂ ಹೊಟ್ಟೆ ಪೂರ್ತಿ ಸರಿಯಿಲ್ಲ. ಉಬ್ಬರಿಸುವ ಕೆಲವು ಸಕ್ಕರೆಗಳನ್ನು ಬಿಡುವ ಲೋ ಫಾಡ್‌ಮ್ಯಾಪ್ ಪಥ್ಯ ಮಾಡಿ ಅಂತ ಸಹೋದ್ಯೋಗಿ ಹೇಳುತ್ತಿದ್ದಾರೆ. ಇನ್ನೂ ಏನು ಬಿಡಲಿ? ಇದು ಮುಂದೆ ಕ್ಯಾನ್ಸರ್ ಆಗುತ್ತದೆಯೆ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ರಾತ್ರಿ ನಿದ್ದೆ ಕೆಡಿಸುವುದು ಅದೇ. ಐಬಿಎಸ್ ಕ್ಯಾನ್ಸರ್ ಆಗುವುದಿಲ್ಲ. ಕರುಳಿನಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಎಂಬ ಕಾಯಿಲೆಗಳಾಗಿಯೂ ತಿರುಗುವುದಿಲ್ಲ. ಆ ಎರಡನ್ನು ಸೇರಿಸಿ ಐಬಿಡಿ ಎನ್ನುತ್ತಾರೆ. ಐಬಿಎಸ್ ಅದಲ್ಲ. ಮೊಬೈಲಿನಲ್ಲಿ ಹುಡುಕುವಾಗ ಒಂದಕ್ಷರದ ವ್ಯತ್ಯಾಸದಿಂದ ಬೇರೆಯವರ ಕಾಯಿಲೆಯ ಭಯವನ್ನು ತಂದುಕೊಂಡವರನ್ನು ಬಹಳ ನೋಡಿದ್ದೇನೆ.

ಇನ್ನೂ ಏನು ಬಿಡಲಿ ಎಂದು ಕೇಳಿದ್ದೀರಿ. ಏನೂ ಬಿಡಬೇಡಿ. ನಿಮ್ಮ ಪತ್ರ ಓದಿದಾಗ ನನ್ನನ್ನು ಚಿಂತೆಗೆ ಹಚ್ಚಿದ್ದು ಬೆಳಗಿನ ಭೇದಿಯಲ್ಲ, ಆ ಎಂಟು ಕೆ.ಜಿ. ಮೈತೂಕದ ಸುಮಾರು ಏಳರಲ್ಲೊಂದು ಪಾಲು ಇಳಿದಿದೆ. ಐಬಿಎಸ್ ನೋವು ಕೊಡುತ್ತದೆ, ಉಬ್ಬರಿಸುತ್ತದೆ, ಮುಜುಗರಕ್ಕೀಡು ಮಾಡುತ್ತದೆ. ಆದರೆ ತಾನಾಗಿ ತೂಕ ಇಳಿಸುವುದಿಲ್ಲ. ಹಾಗಾದರೆ ಇಳಿಸಿದ್ದು ಯಾವುದು? ಗಂಜಿ-ಮಜ್ಜಿಗೆಯ ಊಟವೇ ಇರಬಹುದು, ಅದರ ಸಾಧ್ಯತೆಯೇ ಹೆಚ್ಚು. ಆದರೆ ಹಾಗೆಂದು ಪತ್ರದ ಮೇಲೆ ತೀರ್ಮಾನ ಹೇಳುವ ಹಕ್ಕು ನನಗಿಲ್ಲ. ಪಥ್ಯದ ಮಾತಿಗೆ ಮೊದಲು ಕೆಲವು ಪರೀಕ್ಷೆಗಳಾಗಬೇಕು.

ಮೊದಲು ಖಚಿತಪಡಿಸಿಕೊಳ್ಳಬೇಕಾದ್ದು

ಕೊಲೊನೋಸ್ಕೋಪಿ ಆಗಿ ಎರಡು ವರ್ಷ ಆಗಿದೆ, ತೂಕ ಇಳಿದದ್ದು ಅದರ ನಂತರ. ಹಳೆಯ ವರದಿ ತೆಗೆದು ನೋಡಿ: ಸಣ್ಣ ಕರುಳಿನ ಕೊನೆಯ ಭಾಗವನ್ನು, ಅಂದರೆ ಟರ್ಮಿನಲ್ ಇಲಿಯಮ್ ಅನ್ನು, ನೋಡಿದ್ದಾಗಿ ಬರೆದಿದ್ದಾರೆಯೆ? ನಮ್ಮ ದೇಶದಲ್ಲಿ ಕರುಳಿನ ಕ್ಷಯ ಇನ್ನೂ ಸಾಮಾನ್ಯ. ಅದು ಕ್ರೋನ್ಸ್‌ನಂತೆಯೇ ಹೆಚ್ಚಾಗಿ ಅಲ್ಲೇ ಗೂಡು ಕಟ್ಟುತ್ತದೆ. ಆ ಜಾಗ ನೋಡದೆ ನಾರ್ಮಲ್ ಎಂದಿದ್ದರೆ ಆ ಮಾತು ಅರ್ಧ ಮಾತ್ರ.

ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪರೀಕ್ಷೆ ಇದೆ, ದೊಡ್ಡ ಊರಿನ ಲ್ಯಾಬ್‌ಗಳಲ್ಲಿ ಸಿಗುತ್ತದೆ. ಕರುಳಿನಲ್ಲಿ ಉರಿಯೂತ ಇದ್ದರೆ ಇದು ಏರುತ್ತದೆ. 50ಕ್ಕಿಂತ ಕಡಿಮೆ ಬಂದರೆ ಐಬಿಡಿ ಇರುವ ಸಂಭವ ತೀರಾ ಕಡಿಮೆ. ಇದರ ಜೊತೆಗೆ ರಕ್ತದ ಪೂರ್ಣ ಎಣಿಕೆ, ಉರಿಯೂತ ತೋರಿಸುವ ಸಿಆರ್‌ಪಿ, ಥೈರಾಯ್ಡ್, ಸಕ್ಕರೆ, ಬಿ12, ಕಬ್ಬಿಣದ ಅಂಶ ಸಾಕು. ಥೈರಾಯ್ಡ್ ಹೆಚ್ಚಾಗಿದ್ದರೂ ಭೇದಿಯಾಗುತ್ತದೆ, ತೂಕ ಇಳಿಯುತ್ತದೆ. ಅದನ್ನು ಐಬಿಎಸ್ ಎಂದುಕೊಂಡು ವರ್ಷಗಟ್ಟಲೆ ಪಥ್ಯ ಮಾಡಿದವರಿದ್ದಾರೆ.

ಗೋಧಿಯ ವಿಷಯ ಸ್ವಲ್ಪ ಸೂಕ್ಷ್ಮ. ಗೋಧಿಯ ಗ್ಲೂಟೆನ್‌ಗೆ ದೇಹವೇ ತಿರುಗಿಬಿದ್ದು ಸಣ್ಣ ಕರುಳನ್ನು ಹಾಳುಮಾಡುವ ಸೀಲಿಯಾಕ್ ಕಾಯಿಲೆ ಉತ್ತರ ಭಾರತಕ್ಕೆ ಹೋಲಿಸಿದರೆ ನಮ್ಮ ಕಡೆ ಬಹಳ ಕಡಿಮೆ. ಆದರೂ ಇಲ್ಲವೆಂದಲ್ಲ. ಅದಕ್ಕೆ ಟಿಟಿಜಿ ಎಂಬ ರಕ್ತಪರೀಕ್ಷೆ ಇದೆ. ನೀವು ಗೋಧಿ ಬಿಟ್ಟಿರುವುದರಿಂದ ಈಗ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಎಂದೇ ಬರಬಹುದು. ಸರಿಯಾಗಿ ಗೊತ್ತಾಗಬೇಕಾದರೆ ದಿನವೂ ಗೋಧಿ ತಿನ್ನುತ್ತಾ ಆರು ವಾರ ಕಳೆದ ಮೇಲೆ ಮಾಡಿಸಬೇಕು. ಅಷ್ಟು ಧೈರ್ಯ ಸಾಲದಿದ್ದರೆ ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಎಂಬ ಜೀನ್ ಪರೀಕ್ಷೆ ಇದೆ. ಎರಡೂ ಇಲ್ಲ ಎಂದು ಬಂದರೆ ಸೀಲಿಯಾಕ್ ಇಲ್ಲವೆಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಇದೆ ಎಂದು ಬಂದರೆ ಕಾಯಿಲೆ ಇದೆ ಎಂದರ್ಥವಲ್ಲ. ಆ ಜೀನ್ ಇದ್ದೂ ಆರೋಗ್ಯವಾಗಿರುವವರೇ ಹೆಚ್ಚು.

ಇವೆಲ್ಲ ಸರಿಯಾಗಿ ಬಂದವು ಎಂದುಕೊಳ್ಳೋಣ. ನಿಮ್ಮ ವಿವರಣೆ ಐಬಿಎಸ್‌ನ ವಿವರಣೆಯೇ. ಹೊಟ್ಟೆನೋವು ವಾರಕ್ಕೆ ಒಂದು ದಿನವಾದರೂ, ಮೂರು ತಿಂಗಳಿನಿಂದ, ಮಲವಿಸರ್ಜನೆಯ ಜೊತೆಗೇ ಏರುತ್ತಾ ಇಳಿಯುತ್ತಾ ಇರಬೇಕು, ಶುರುವಾಗಿ ಆರು ತಿಂಗಳಾದರೂ ಆಗಿರಬೇಕು. ಐಬಿಎಸ್ ಗುರುತಿಸಲು ವೈದ್ಯರು ಬಳಸುವ 2016ರ ರೋಮ್ ಮಾನದಂಡ ಮುಖ್ಯವಾಗಿ ಹೇಳುವುದು ಇದನ್ನೇ. ಶುರುವಾದ ಬಗೆಯೂ ಹೊಂದುತ್ತದೆ. ಜೋರಾದ ವಾಂತಿ-ಭೇದಿಯಾದವರಲ್ಲಿ ಸುಮಾರು ಹತ್ತರಲ್ಲೊಬ್ಬರಿಗೆ ಸೋಂಕು ಹೋದ ಮೇಲೂ ಕರುಳಿನ ಚುರುಕು ಇಳಿಯುವುದಿಲ್ಲ.

ಅಮೀಬಾ ಮತ್ತು 38 ಪದಾರ್ಥಗಳ ಪಟ್ಟಿ

ನಮ್ಮ ಊರುಗಳಲ್ಲಿ ಹೊಟ್ಟೆಯ ಯಾವುದೇ ದೀರ್ಘ ತೊಂದರೆಗೆ ಅಮೀಬಾ ಎಂಬ ಹೆಸರು ಬಿದ್ದುಬಿಡುತ್ತದೆ. ಕಾಯಿಲೆ ತರುವ ಅಮೀಬಾ ಎಂಟಮೀಬಾ ಹಿಸ್ಟೊಲಿಟಿಕಾ. ಅದರ ಜೊತೆಗೆ ಎಂಟಮೀಬಾ ಡಿಸ್ಪಾರ್ ಎಂಬ ಇನ್ನೊಂದಿದೆ, ಅದು ನಿರುಪದ್ರವಿ, ಔಷಧ ಬೇಡ. ಸೂಕ್ಷ್ಮದರ್ಶಕದಲ್ಲಿ ಇವೆರಡರ ಸಿಸ್ಟ್‌ಗಳು, ಅಂದರೆ ಕವಚ ಕಟ್ಟಿಕೊಂಡ ರೂಪಗಳು, ಒಂದೇ ತೆರ ಕಾಣುತ್ತವೆ. ಹಾಗಾಗಿ ಸಿಸ್ಟ್ ಕಂಡಿತು ಎಂಬ ಒಂದೇ ಕಾರಣಕ್ಕೆ ಮತ್ತೆ ಮತ್ತೆ ಮೆಟ್ರೊನಿಡಜೋಲ್ ನುಂಗುವುದರಲ್ಲಿ ಅರ್ಥವಿಲ್ಲ. ಆ ಮಾತ್ರೆ ಬಾಯಿಗೆ ಲೋಹದ ರುಚಿ ತರುತ್ತದೆ, ಹಸಿವು ಕೆಡಿಸುತ್ತದೆ, ಬಹಳ ಕಾಲ ತೆಗೆದುಕೊಂಡರೆ ಕೈಕಾಲಿನ ನರಗಳಿಗೂ ತೊಂದರೆ ಕೊಡಬಹುದು. ಮಾತ್ರೆ ತೆಗೆದುಕೊಂಡ ನಾಲ್ಕು ದಿನ ಹೊಟ್ಟೆ ಹಗುರಾಗುವುದು ನಿಜ, ಏಕೆಂದರೆ ಗ್ಯಾಸ್ ಮಾಡುವ ಬ್ಯಾಕ್ಟೀರಿಯಾಗಳೂ ಅದರಿಂದ ತಗ್ಗುತ್ತವೆ. ಅವು ಮರಳಿ ಬೆಳೆಯುತ್ತವೆ. ನಿಮಗೆ ಮಾತ್ರೆ ಕೆಲಸ ಮಾಡಿತು, ಅಮೀಬಾ ಹೋಯಿತು, ಮತ್ತೆ ಬಂತು ಅನಿಸುತ್ತದೆ.

ಇನ್ನು ಆ ಲ್ಯಾಬ್ ವರದಿ. ಇಂಥ ಪರೀಕ್ಷೆಗಳು ಅಳೆಯುವುದು ಸಾಮಾನ್ಯವಾಗಿ ಐಜಿಜಿ ಎಂಬ ಪ್ರತಿಕಾಯವನ್ನು. ನಾವು ತಿನ್ನುವ ಪದಾರ್ಥಗಳಿಗೆ ದೇಹದಲ್ಲಿ ಐಜಿಜಿ ಇರುವುದು ಸಹಜ. ಬಹಳ ಸಲ ಅದು ಆ ಆಹಾರ ನಿಮಗೆ ಪರಿಚಿತ ಎಂಬುದನ್ನಷ್ಟೇ ಹೇಳುತ್ತದೆ. ನಿಮ್ಮ ವರದಿಯನ್ನು ಇನ್ನೊಮ್ಮೆ ನೋಡಿ, ಕೆಂಪು ಬಣ್ಣದಲ್ಲಿ ಬಂದವುಗಳಲ್ಲಿ ಬಹುಪಾಲು ನೀವು ವರ್ಷಗಟ್ಟಲೆ ದಿನವೂ ತಿಂದವೇ ಇರಬಹುದು. ಯುರೋಪ್, ಅಮೆರಿಕ, ಕೆನಡಾದ ಅಲರ್ಜಿ ತಜ್ಞರ ಸಂಘಗಳು ಇದನ್ನು ಆಧರಿಸಿ ಆಹಾರ ಬಿಡಬೇಡಿ ಎಂದೇ ಹೇಳಿವೆ. ಐಬಿಎಸ್‌ಗೆಂದು ಪ್ರತ್ಯೇಕವಾಗಿ ರೂಪಿಸಿದ, 18 ಆಹಾರಗಳಿಗೆ ಸೀಮಿತವಾದ ಒಂದು ಪರೀಕ್ಷೆಯಿಂದ ಅಮೆರಿಕದಲ್ಲಿ ಸ್ವಲ್ಪ ಭರವಸೆಯ ಫಲಿತಾಂಶ 2025ರಲ್ಲಿ ಬಂದಿದೆ. ಅದು ಬೇರೆ ಪರೀಕ್ಷೆ. ನಮ್ಮಲ್ಲಿ ಮಾರುವ ಇನ್ನೂರು ಪದಾರ್ಥಗಳ ಪ್ಯಾಕೇಜಿಗೆ ಅದರ ಆಧಾರ ಸಿಗುವುದಿಲ್ಲ. ಆ 38ರ ಪಟ್ಟಿಯನ್ನು ಪಕ್ಕಕ್ಕಿಡಿ.

ತಿಂದ ಹತ್ತು ನಿಮಿಷಕ್ಕೆ ಏಕೆ ಓಡಬೇಕಾಗುತ್ತದೆ

ತಿಂದದ್ದು ಹಾಗೇ ಹೋಗುತ್ತದೆ ಎಂಬ ಮಾತನ್ನು ವಾರಕ್ಕೊಮ್ಮೆಯಾದರೂ ಯಾರಾದರೂ ನನಗೆ ಹೇಳುತ್ತಾರೆ. ಅದು ಹಾಗಲ್ಲ. ಬಾಯಿಂದ ಹೊರಟ ತುತ್ತು ಕೊನೆ ಮುಟ್ಟಲು ಸಾಮಾನ್ಯವಾಗಿ ಒಂದು ದಿನ, ಕೆಲವೊಮ್ಮೆ ಎರಡು ದಿನ ಹಿಡಿಯುತ್ತದೆ. ಹೊಟ್ಟೆಗೆ ಅನ್ನ ಬಿದ್ದ ಕೂಡಲೇ ದೊಡ್ಡ ಕರುಳು ಹಿಂಡಿಕೊಂಡು ಹಿಂದಿನದನ್ನು ಮುಂದೆ ತಳ್ಳುವುದು ಎಲ್ಲರಲ್ಲೂ ಇರುವ ಪ್ರತಿವರ್ತನೆ. ಹಸುಗೂಸು ಹಾಲು ಕುಡಿಯುತ್ತಲೇ ಕಕ್ಕ ಮಾಡಿಕೊಳ್ಳುವುದು ಇದರಿಂದಲೇ. ಐಬಿಎಸ್‌ನಲ್ಲಿ ಆ ಹಿಂಡುವಿಕೆ ಜೋರು, ಅದು ನೋವಾಗಿ ತಿಳಿಯುತ್ತದೆ. ಬೆಳಿಗ್ಗೆ ಅದರ ಜೋರು ಇನ್ನೂ ಹೆಚ್ಚು, ಬಿಸಿ ಕಾಫಿ ಬಿದ್ದರೆ ಮತ್ತೂ ಹೆಚ್ಚು, ಬಸ್ಸು ತಪ್ಪುವ ಆತಂಕ ಸೇರಿದರೆ ಕೇಳುವುದೇ ಬೇಡ.

ಇದನ್ನು ಬಿಡಿಸಿ ಹೇಳಲು ಕಾರಣವಿದೆ. ತಿಂಡಿಗೆ ರಾಗಿ ರೊಟ್ಟಿ ತಿಂದಿರಿ, ಓಡಿದಿರಿ, ರಾಗಿ ಆಗುವುದಿಲ್ಲ ಎಂದು ಬಿಟ್ಟಿರಿ. ಮಾರನೆಯ ದಿನ ಚಪಾತಿ. ಆಮೇಲೆ ಪಪ್ಪಾಯ. ಹೀಗೆ ಪ್ರತಿ ಸಲವೂ ಆಗಷ್ಟೇ ತಿಂದ ಪದಾರ್ಥದ ಮೇಲೆ ತಪ್ಪು ಹೊರಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಗಂಜಿ. ಗಂಜಿ ಕುಡಿದರೂ ಆ ಹಿಂಡುವಿಕೆ ಇರುತ್ತದೆ, ನೀವೇ ಬರೆದಿದ್ದೀರಿ. ನಿಜವಾಗಿ ಉಬ್ಬರ ತರುವ ಆಹಾರಗಳು ತಮ್ಮ ಕೆಲಸ ತೋರಿಸುವುದು ಎಷ್ಟೋ ಗಂಟೆಗಳ ನಂತರ, ಕೆಲವೊಮ್ಮೆ ಮಾರನೆಯ ದಿನ.

ಆ ಆಹಾರಗಳು ಯಾವುವು? ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿರುವ ಫ್ರಕ್ಟಾನ್, ಬೇಳೆಕಾಳುಗಳ ರಾಫಿನೋಸ್ ಜಾತಿಯ ಸಕ್ಕರೆಗಳು, ಹಾಲಿನ ಲ್ಯಾಕ್ಟೋಸ್, ಮಾವು-ಜೇನಿನಲ್ಲಿ ಮಿಗುವ ಫ್ರಕ್ಟೋಸ್, ಹೂಕೋಸು-ಅಣಬೆ-ಸೇಬಿನಂಥವುಗಳ ಪಾಲಿಯಾಲ್. ಇವು ಸಣ್ಣ ಕರುಳಿನಲ್ಲಿ ಪೂರ್ತಿ ಹೀರಿಕೆಯಾಗದೆ ನೀರನ್ನು ಎಳೆದುಕೊಳ್ಳುತ್ತವೆ, ದೊಡ್ಡ ಕರುಳಿಗೆ ಹೋಗಿ ಬ್ಯಾಕ್ಟೀರಿಯಾಗಳಿಂದ ಹುದುಗಿ ಗ್ಯಾಸ್ ಆಗುತ್ತವೆ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ಮತ್ತು ಸೂ ಶೆಪರ್ಡ್ 2005ರಲ್ಲಿ ಇವನ್ನೆಲ್ಲ ಒಟ್ಟು ಸೇರಿಸಿ ಇಟ್ಟ ಹೆಸರು ಫಾಡ್‌ಮ್ಯಾಪ್.

ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಐಬಿಎಸ್ ಇರುವವರಿಗೂ ಇಲ್ಲದವರಿಗೂ ಇಂಥ ಸಕ್ಕರೆಗಳನ್ನೇ ಕುಡಿಸಿ ಎಂಆರ್‌ಐನಲ್ಲಿ ಕರುಳನ್ನು ನೋಡಿದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎರಡೂ ಗುಂಪಿನವರ ಕರುಳಿನಲ್ಲಿ ನೀರೂ ಗ್ಯಾಸೂ ಹೆಚ್ಚುಕಡಿಮೆ ಅಷ್ಟಕ್ಕಷ್ಟೇ ಇದ್ದವು. ತೊಂದರೆ ಹೆಚ್ಚಾದದ್ದು ಮಾತ್ರ ಐಬಿಎಸ್ ಇದ್ದವರಿಗೆ. ಅಂದರೆ ನಿಮ್ಮ ಕರುಳಿನಲ್ಲಿ ಬೇಳೆ ವಿಷವಾಗುತ್ತಿಲ್ಲ. ನಿಮ್ಮ ಅತ್ತೆಯವರ ಕರುಳಿನಲ್ಲಿ ಆಗುವುದೇ ನಿಮ್ಮಲ್ಲೂ ಆಗುತ್ತದೆ. ಕರುಳಿಂದ ಮಿದುಳಿಗೆ ಹೋಗುವ ಸುದ್ದಿ ನಿಮ್ಮಲ್ಲಿ ದನಿ ಹೆಚ್ಚಿಸಿದ ರೇಡಿಯೊದಂತೆ ಕೇಳಿಸುತ್ತದೆ. ನೋವು ನಿಜ, ಕಲ್ಪನೆಯಲ್ಲ, ಮನೋರೋಗವೂ ಅಲ್ಲ. ಆದರೆ ಆಹಾರ ನಿಮಗೆ ಹಾನಿ ಮಾಡುತ್ತಿಲ್ಲ. ಬೇಳೆ ತಿಂದು ಉಬ್ಬರಿಸಿದ ದಿನವೂ ಕರುಳಿಗೆ ಗಾಯವಾಗಿರುವುದಿಲ್ಲ.

ನಮ್ಮ ಅಡುಗೆಮನೆಯ ವಾಯು ಪದಾರ್ಥಗಳ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅವರೆ, ಕಡಲೆ, ಹುರುಳಿ ವಾಯು ಎಂದ ಹಿರಿಯರ ಮಾತು ಸರಿಯೇ ಇದೆ. ಆದರೆ ಆಲೂಗಡ್ಡೆಗೆ ಸುಮ್ಮನೆ ಕೆಟ್ಟ ಹೆಸರು, ಅದರಲ್ಲಿ ಈ ಸಕ್ಕರೆಗಳು ಇಲ್ಲವೆನ್ನುವಷ್ಟು ಕಡಿಮೆ. ಬದನೆಯೂ ಸಾಧಾರಣ ಪ್ರಮಾಣದಲ್ಲಿ ತೊಂದರೆ ಕೊಡುವುದಿಲ್ಲ. ವಾಯು ಕಳೆಯಲಿ ಎಂದು ಸಾರಿಗೆ ಜಜ್ಜಿ ಹಾಕುವ ಬೆಳ್ಳುಳ್ಳಿಯೇ ಫ್ರಕ್ಟಾನ್ ತುಂಬಿದ್ದು.

ಗೋಧಿಯದೂ ಇದೇ ಕಥೆ. ಗ್ಲೂಟೆನ್ ಐಬಿಎಸ್ ಲಕ್ಷಣಗಳನ್ನು ಹೆಚ್ಚಿಸುತ್ತದೆ ಎಂದು 2011ರಲ್ಲಿ ತೋರಿಸಿದವರಲ್ಲಿ ಗಿಬ್ಸನ್ ತಂಡವೇ ಮುಂಚೂಣಿಯಲ್ಲಿತ್ತು. ಅವರೇ ಎರಡು ವರ್ಷದ ನಂತರ ಇನ್ನೂ ಬಿಗಿಯಾಗಿ ಪರೀಕ್ಷಿಸಿದರು. ಗ್ಲೂಟೆನ್ ಆಗುವುದಿಲ್ಲ ಎನ್ನುತ್ತಿದ್ದ 37 ಜನರಿಗೆ ಮೊದಲು ಫಾಡ್‌ಮ್ಯಾಪ್ ಕಡಿಮೆ ಇರುವ ಊಟ ಕೊಟ್ಟರು, ಎಲ್ಲರಿಗೂ ಹಿತವಾಯಿತು. ಆಮೇಲೆ ಗೊತ್ತಾಗದಂತೆ ಗ್ಲೂಟೆನ್ ಸೇರಿಸಿದರೆ ನಿಜವಾಗಿ ಅದರಿಂದ ಕೆಟ್ಟದ್ದು ಶೇ. 8ರಷ್ಟು ಜನರಿಗೆ ಮಾತ್ರ. ತಾವೇ ಹೇಳಿದ್ದನ್ನು ತಾವೇ ತಿದ್ದಿಕೊಂಡ ಆ ತಂಡದ ಮೇಲೆ ನನಗೆ ಗೌರವ ಹೆಚ್ಚಾಯಿತು. ಸೀಲಿಯಾಕ್ ಇಲ್ಲದವರಿಗೆ ಚಪಾತಿಯಿಂದ ಉಬ್ಬರಿಸಿದರೆ ಸಾಮಾನ್ಯವಾಗಿ ಕಾರಣ ಫ್ರಕ್ಟಾನ್. ಫ್ರಕ್ಟಾನ್ ಆದರೆ ಪ್ರಮಾಣದ ಮಾತು: ಮೂರು ಚಪಾತಿ ಆಗದವರಿಗೆ ಒಂದು ಆಗಬಹುದು. ಜೀವನಪೂರ್ತಿ ಗೋಧಿ ಮುಟ್ಟಬಾರದು ಎಂಬ ವ್ರತ ಬೇಕಿಲ್ಲ.

ಹಾಗಾದರೆ ಲೋ ಫಾಡ್‌ಮ್ಯಾಪ್ ಮಾಡಬೇಕೆ

ಅದು ಒಳ್ಳೆಯ ಪಥ್ಯ. ಸರಿಯಾಗಿ ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಹಿತ ಕೊಡುತ್ತದೆ. ಆದರೆ ನಿಮಗೆ ಈಗ ಬೇಡ. 46 ಕೆ.ಜಿ. ತೂಕದಲ್ಲಿ, ಊಟವೆಂದರೆ ಹೆದರಿಕೆ ಹುಟ್ಟಿರುವಾಗ, ಇನ್ನೊಂದು ಬೇಡಗಳ ಪಟ್ಟಿಯನ್ನು ನಿಮ್ಮ ಕೈಗೆ ಕೊಡಲಾರೆ.

ಆ ಪಥ್ಯವನ್ನು ಅರ್ಧ ಮಾತ್ರ ತಿಳಿದು ಮಾಡುವವರೇ ಹೆಚ್ಚು. ಬಿಡುವ ಭಾಗ ಎಲ್ಲರಿಗೂ ಗೊತ್ತು. ಅದರ ಅವಧಿ ಎರಡರಿಂದ ಆರು ವಾರ, ಅಷ್ಟೇ. ಆರು ವಾರಕ್ಕೆ ಹಿತವಾಗದಿದ್ದರೆ ಪಥ್ಯ ನಿಮ್ಮದಲ್ಲ, ನಿಲ್ಲಿಸಿ ಎಲ್ಲ ತಿನ್ನಬೇಕು. ಹಿತವಾದರೆ ಮುಂದಿನ ಎರಡು ತಿಂಗಳು ಬಿಟ್ಟದ್ದನ್ನು ಒಂದೊಂದಾಗಿ ತಿಂದು ನೋಡಿ, ತನಗೆ ಆಗದ್ದು ಯಾವುದು, ಎಷ್ಟಾದರೆ ಆಗುವುದಿಲ್ಲ ಎಂದು ಗುರುತಿಸಬೇಕು. ಇಡೀ ಪಥ್ಯ ಇರುವುದೇ ಈ ಎರಡನೆಯ ಭಾಗಕ್ಕಾಗಿ. ಬಿಡುವ ಹಂತದಲ್ಲೇ ನಿಂತುಬಿಟ್ಟರೆ ಕರುಳಿಗೆ ಒಳ್ಳೆಯದು ಮಾಡುವ ಬೈಫಿಡೊ ಬ್ಯಾಕ್ಟೀರಿಯಾಗಳು ಕಡಿಮೆಯಾಗುತ್ತವೆ, ನಾರು ಕಡಿಮೆಯಾಗುತ್ತದೆ, ಹಾಲು-ಮೊಸರೂ ಬಿಟ್ಟಿದ್ದರೆ ಕ್ಯಾಲ್ಸಿಯಂ ಕೊರತೆಯಾಗುತ್ತದೆ. ವೈದ್ಯರು ಆಗದ್ದನ್ನು ಬಿಡಿ ಎಂದು ಹೇಳಿ ಕಳಿಸುವಾಗ ಎಷ್ಟು ದಿನಕ್ಕೆ ಎಂಬುದನ್ನೂ ಹೇಳಲೇಬೇಕು. ಕೊನೆಯ ದಿನ ಇಲ್ಲದ ಪಥ್ಯವನ್ನು ನಾನು ಯಾರಿಗೂ ಬರೆದುಕೊಡುವುದಿಲ್ಲ.

ಇನ್ನೊಂದು ಮಾತು. ಸ್ವೀಡನ್ನಿನಲ್ಲಿ 75 ಜನರ ಮೇಲೆ ಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೋ ಫಾಡ್‌ಮ್ಯಾಪ್ ಮಾಡಿದವರಲ್ಲಿ ಶೇ. 50 ಜನರಿಗೆ ಹಿತವಾಯಿತು. ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ತಿನ್ನಿ, ನಿಧಾನ ಅಗಿಯಿರಿ, ಕಾಫಿ, ಎಣ್ಣೆ, ಕಾಳು, ಈರುಳ್ಳಿ ಮಿತಿಯಲ್ಲಿರಲಿ ಎಂಬ ಹಳೆಯ ಸಲಹೆ ಪಾಲಿಸಿದವರಲ್ಲಿ ಶೇ. 46 ಜನರಿಗೆ. ಅಷ್ಟು ಚಿಕ್ಕ ವ್ಯತ್ಯಾಸಕ್ಕೆ ಕಠಿಣ ದಾರಿಯನ್ನೇ ಮೊದಲು ಹಿಡಿಯಬೇಕಿಲ್ಲ.

ನಿಮಗೆ ನನ್ನ ಸಲಹೆ: ಬಿಡುವುದನ್ನು ನಿಲ್ಲಿಸಿ, ಸೇರಿಸಲು ಶುರುಮಾಡಿ. ಮೊದಲು ಸುಲಭದವು. ಆಲೂಗಡ್ಡೆ, ಬೀನ್ಸ್, ಬದನೆ, ಬೆಂಡೆ, ಸೌತೆ, ಪಾಲಕ್. ಇಡ್ಲಿ, ದೋಸೆ, ನೀರುದೋಸೆ. ಹಿಟ್ಟು ಹುಳಿಯುವಾಗ ಉದ್ದಿನ ಉಬ್ಬರಿಸುವ ಸಕ್ಕರೆಗಳನ್ನು ಸೂಕ್ಷ್ಮಜೀವಿಗಳೇ ಒಂದಷ್ಟು ತಿಂದು ಮುಗಿಸಿರುತ್ತವೆ. ಈರುಳ್ಳಿ ಹಾಕದೆ ಸಬ್ಬಸಿಗೆ ಸೊಪ್ಪು, ಕ್ಯಾರೆಟ್ ಹಾಕಿದ ಅಕ್ಕಿರೊಟ್ಟಿ. ಅವಲಕ್ಕಿ, ಕಡಲೆಕಾಯಿ ಬೀಜ ಹಾಕಿದ ಚಿತ್ರಾನ್ನ. ಮೊಟ್ಟೆ, ಮೀನು, ಕೋಳಿ ತಿನ್ನುವವರಾದರೆ ಧಾರಾಳವಾಗಿ ತಿನ್ನಿ, ಅವುಗಳಲ್ಲಿ ಈ ಸಕ್ಕರೆಗಳೇ ಇಲ್ಲ. ಅನ್ನಕ್ಕೆ ತುಪ್ಪ ಒಂದು ಚಮಚ. ದಿನಕ್ಕೊಂದು ಬಾಳೆಹಣ್ಣು, ಸ್ವಲ್ಪ ಗಟ್ಟಿ ಇರುವಾಗಲೇ, ಏಕೆಂದರೆ ಹಣ್ಣಾಗುತ್ತಾ ಅದರಲ್ಲಿ ಫ್ರಕ್ಟಾನ್ ಹೆಚ್ಚುತ್ತದೆ. ಕಿತ್ತಳೆ, ಪಪ್ಪಾಯ ಆಗುತ್ತವೆ.

ಎರಡು-ಮೂರು ವಾರದಲ್ಲಿ ತೂಕ ಇಳಿಯುವುದು ನಿಂತ ಮೇಲೆ ರಾಗಿ. ರಾಗಿ ಬಿಟ್ಟದ್ದು ನನಗೆ ಬೇಸರದ ಸಂಗತಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಿಮಗೆ ದಿನಕ್ಕೆ ಬೇಕಾದದ್ದು 1,000 ಮಿಲಿಗ್ರಾಂ. ಹಾಲು, ರಾಗಿ, ಸೊಪ್ಪು ಮೂರನ್ನೂ ಬಿಟ್ಟ ಹೆಂಗಸಿನ ಮೂಳೆಗೆ ಇನ್ನೇನು ಉಳಿಯಿತು? ನನ್ನ ಬಳಿ ಬರುವ ಐಬಿಎಸ್‌ನವರಲ್ಲಿ ಬಹುಪಾಲು ಜನಕ್ಕೆ ರಾಗಿ ಒಗ್ಗುತ್ತದೆ. ಮುದ್ದೆ ತಿಂದಾಗ ಉಬ್ಬರಿಸಿದ್ದರೆ ತಪ್ಪು ಮುದ್ದೆಯದೋ ಅದರ ಜೊತೆಗಿನ ಸಾರಿನದೋ ಎಂದು ಕೇಳಿಕೊಳ್ಳಿ. ನಿಮ್ಮ ಕಡೆಯ ಬಸ್ಸಾರನ್ನೇ ತೆಗೆದುಕೊಳ್ಳಿ. ಕಾಳು-ಸೊಪ್ಪು ಬೇಯಿಸಿ ಬಸಿದ ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ ರುಬ್ಬಿ ಹಾಕುತ್ತೀರಿ. ಬೇಳೆಕಾಳಿನ ಉಬ್ಬರಿಸುವ ಸಕ್ಕರೆಗಳು ನೀರಿನಲ್ಲಿ ಕರಗುತ್ತವೆ. ಅವುಗಳಲ್ಲಿ ಬಹಳಷ್ಟು ಕಟ್ಟಿಗೇ ಇಳಿದಿರುತ್ತವೆ. ತೆಳ್ಳಗಿದೆ, ಹೊಟ್ಟೆಗೆ ಹಗುರ ಎಂದು ಕಾಯಿಲೆಯವರಿಗೆ ಬಡಿಸುವುದು ಅದನ್ನೇ. ನಿಮ್ಮ ಮಟ್ಟಿಗೆ ಬಸಿದು ತೆಗೆದ ಪಲ್ಯ ಹಿತ, ಕಟ್ಟು ಸ್ವಲ್ಪ ದಿನ ದೂರವಿರಲಿ. ಸಣ್ಣ ಮುದ್ದೆಯನ್ನು ಸೊಪ್ಪಿನ ಸಾರಿನಲ್ಲಿ ಅಥವಾ ಮೊಟ್ಟೆ ಸಾರಿನಲ್ಲಿ, ಈರುಳ್ಳಿ-ಬೆಳ್ಳುಳ್ಳಿ ಇಲ್ಲದೆ, ತಿಂದು ನೋಡಿ.

ಬೇಳೆಗೂ ಇದೇ ಉಪಾಯ. ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ, ಬೆಂದ ನೀರನ್ನೂ ಬಸಿಯಿರಿ. ಹೆಸರುಬೇಳೆಯಿಂದ ಶುರುಮಾಡಿ, ಬೆಂದದ್ದು ಎರಡು-ಮೂರು ಚಮಚ ಸಾಕು. ಬೆಳ್ಳುಳ್ಳಿಯ ಘಮ ಬೇಕೆನಿಸಿದರೆ ಜಜ್ಜಿದ ಎಸಳನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು ಎತ್ತಿಹಾಕಿ, ಆ ಎಣ್ಣೆಯಲ್ಲೇ ಒಗ್ಗರಣೆ ಕೊಡಿ. ಫ್ರಕ್ಟಾನ್ ಎಣ್ಣೆಯಲ್ಲಿ ಕರಗುವುದಿಲ್ಲ, ಘಮ ಕರಗುತ್ತದೆ. ಎಣ್ಣೆಯನ್ನು ಅಂದಂದಿಗೆ ಮಾಡಿಕೊಳ್ಳಿ, ಬೆಳ್ಳುಳ್ಳಿ ಮುಳುಗಿಸಿ ಹೊರಗೆ ದಿನಗಟ್ಟಲೆ ಇಟ್ಟರೆ ಅದರಲ್ಲಿ ಅಪಾಯಕಾರಿ ವಿಷ ಬೆಳೆಯುವ ಸಂಭವವಿದೆ. ಈರುಳ್ಳಿಗೆ ಬದಲು ಈರುಳ್ಳಿ ಹೂವಿನ ಹಸಿರು ಭಾಗ. ಇಂಗು, ಜೀರಿಗೆ, ಶುಂಠಿ ಬಳಸಬಹುದು. ಅಂಗಡಿಯ ಸಾರಿನ ಪುಡಿ ತರುವಾಗ ಹಿಂದಿನ ಅಕ್ಷರ ಓದಿ, ಬೆಳ್ಳುಳ್ಳಿ ಪುಡಿ ಸೇರಿಸಿರುತ್ತಾರೆ. ಖಾರ ಫಾಡ್‌ಮ್ಯಾಪ್ ಅಲ್ಲದಿದ್ದರೂ ಕರುಳನ್ನು ಕೆರಳಿಸುತ್ತದೆ, ಸದ್ಯಕ್ಕೆ ಬ್ಯಾಡಗಿಯ ಬಣ್ಣವೇ ಸಾಕು.

ದಕ್ಷಿಣ ಭಾರತದಲ್ಲಿ ದೊಡ್ಡವರಿಗೆ ಲ್ಯಾಕ್ಟೋಸ್ ಅರಗುವುದು ಕಡಿಮೆಯಾಗಿರುವುದು ಸಾಮಾನ್ಯ, ಅದು ರೋಗವಲ್ಲ. ಅಂಥವರಿಗೂ ಕಾಫಿಗೆ ಹಾಕುವಷ್ಟು ಹಾಲು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಮೊಸರು ಇನ್ನೂ ಸುಲಭ. ನೀವು ಮಜ್ಜಿಗೆ ಕುಡಿದು ಸರಿಯಿದ್ದೀರಿ, ಅಲ್ಲಿಗೆ ಗಟ್ಟಿ ಮೊಸರಿಗೆ ಹೋಗಬಹುದು. ನೀರು ಮಜ್ಜಿಗೆಯಿಂದ ಪ್ರೋಟೀನೂ ಕ್ಯಾಲ್ಸಿಯಮ್ಮೂ ಎಷ್ಟು ತಾನೆ ಸಿಕ್ಕೀತು?

ಗೋಧಿ, ತೊಗರಿಬೇಳೆ, ಈರುಳ್ಳಿ, ಹಾಲು ಇವನ್ನು ಕೊನೆಗೆ ಪರೀಕ್ಷಿಸಿ. ಒಂದು ಸಲಕ್ಕೆ ಒಂದೇ. ಮೊದಲ ದಿನ ಅರ್ಧ ಚಪಾತಿ, ಎರಡನೆಯ ದಿನ ಒಂದು, ಮೂರನೆಯ ದಿನ ಎರಡು. ಆಮೇಲೆ ಎರಡು-ಮೂರು ದಿನ ಬಿಡುವು ಕೊಟ್ಟು ಮುಂದಿನದು. ತಿಂದ ಹತ್ತು ನಿಮಿಷದ ಓಟವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆ ಸಂಜೆ ಮತ್ತು ಮಾರನೆಯ ದಿನ ಹೇಗಿತ್ತು ಎಂದು ಬರೆದಿಡಿ. ಸ್ವಲ್ಪ ಗ್ಯಾಸ್ ಆದದ್ದನ್ನು ಸೋಲೆಂದು ಬರೆಯಬೇಡಿ, ಬೇಳೆ ತಿಂದ ಯಾರಿಗೂ ಅಷ್ಟಾಗುತ್ತದೆ. ಶಾಲೆಯ ಪರೀಕ್ಷೆಗಳ ವಾರ, ಮುಟ್ಟಿನ ದಿನಗಳಲ್ಲಿ ಹೊಸದೇನನ್ನೂ ಪರೀಕ್ಷಿಸಬೇಡಿ. ಆ ದಿನಗಳಲ್ಲಿ ಕರುಳು ಹೇಗೂ ಕೆರಳಿರುತ್ತದೆ, ಪಾಪದ ಚಪಾತಿಗೆ ಮತ್ತೆ ಕೆಟ್ಟ ಹೆಸರು ಬರುತ್ತದೆ.

ಊಟ ಒಂದರಿಂದಲೇ ಎಲ್ಲ ಸರಿಹೋಗಬೇಕೆಂದಿಲ್ಲ

ಔಷಧಕ್ಕೆ ಹೆದರಿ ಪೂರ್ತಿ ಭಾರವನ್ನು ಪಥ್ಯದ ಮೇಲೆ ಹಾಕುವವರು ಬಹಳ. ಇಸಬ್‌ಗೋಲ್ ಸಡಿಲವಾದ ಮಲವನ್ನು ಬಿಗಿಗೆ ತರುತ್ತದೆ, ಗಟ್ಟಿಯಾದದ್ದನ್ನು ಸಡಿಲಿಸುತ್ತದೆ. ಅರ್ಧ ಚಮಚದಿಂದ ಶುರುಮಾಡಿ, ಒಂದು ಲೋಟ ನೀರಿನ ಜೊತೆ, ನಿಧಾನವಾಗಿ ಹೆಚ್ಚಿಸಿ. ನೆದರ್‌ಲೆಂಡ್ಸ್‌ನಲ್ಲಿ 275 ಜನರಲ್ಲಿ ಇಸಬ್‌ಗೋಲ್, ಗೋಧಿ ತೌಡು ಎರಡನ್ನೂ ಹೋಲಿಸಿ 2009ರಲ್ಲಿ ಪ್ರಕಟಿಸಿದರು. ಇಸಬ್‌ಗೋಲ್‌ನಿಂದ ಅನುಕೂಲವಾಯಿತು, ತೌಡು ತಿಂದ ಹಲವರು ತೊಂದರೆ ಹೆಚ್ಚಾಗಿ ಅರ್ಧಕ್ಕೇ ಬಿಟ್ಟರು. ನಾರು ಒಳ್ಳೆಯದು ಎಂದು ಯಾರಾದರೂ ತೌಡಿನ ಬಿಸ್ಕತ್ತು ಕೊಟ್ಟರೆ ಬೇಡವೆನ್ನಿ.

ನುಲಿತಕ್ಕೆ ಮೆಬೆವೆರಿನ್, ಪುದೀನ ಎಣ್ಣೆಯ ಕ್ಯಾಪ್ಸೂಲ್ ಇವೆ. ಬಸ್ಸಿನ ಭಯಕ್ಕೆ ಹೊರಡುವ ಮುಂಚೆ ಭೇದಿ ತಡೆಯುವ ಒಂದು ಲೊಪೆರಮೈಡ್ ಮಾತ್ರೆ ತೆಗೆದುಕೊಳ್ಳುವುದನ್ನು ನಿಮ್ಮ ವೈದ್ಯರನ್ನು ಕೇಳಿ ಮಾಡಬಹುದು. ದಾರಿಯಲ್ಲಿ ಆಗುವುದಿಲ್ಲ ಎಂಬ ನೆಮ್ಮದಿಯೇ ಎಷ್ಟೋ ಸಲ ಬೆಳಗಿನ ಓಟವನ್ನು ಕಡಿಮೆ ಮಾಡುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ರಾತ್ರಿ ಮಲಗುವಾಗ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್. ಇಂಗ್ಲೆಂಡಿನಲ್ಲಿ 463 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಇದರ ಉಪಯೋಗವನ್ನು ಚೆನ್ನಾಗಿ ತೋರಿಸಿದೆ. ಚೀಟಿ ನೋಡಿದ ಔಷಧದಂಗಡಿಯವರು ಇದು ಡಿಪ್ರೆಷನ್ ಮಾತ್ರೆ ಎಂದು ಹೇಳಬಹುದು, ಗಾಬರಿಯಾಗಬೇಡಿ. ಇಷ್ಟು ಸಣ್ಣ ಪ್ರಮಾಣದಲ್ಲಿ ಅದನ್ನು ಕೊಡುವುದು ಕರುಳಿನ ನೋವಿನ ಸುದ್ದಿಯನ್ನು ತಗ್ಗಿಸಲು. ಬಾಯಿ ಒಣಗುವುದು, ಬೆಳಿಗ್ಗೆ ಮಂಪರು ಇರುವುದು ಅದರ ತೊಂದರೆಗಳು. ಹೃದಯದ ಕಾಯಿಲೆ ಇದ್ದವರಿಗೆ ಕೊಡುವಾಗ ಎಚ್ಚರ ಬೇಕು, ಗರ್ಭಿಣಿಯಾಗುವ ಯೋಚನೆ ಇದ್ದರೆ ಮೊದಲೇ ಹೇಳಿ. ಪಿತ್ತಕೋಶ ತೆಗೆಸಿಕೊಂಡಿದ್ದರೆ ಅದನ್ನೂ ಹೇಳಿ, ಪಿತ್ತರಸ ಸರಿಯಾಗಿ ಹೀರಿಕೆಯಾಗದೆ ಆಗುವ ಭೇದಿಗೆ ಬೇರೆಯೇ ಔಷಧವಿದೆ, ಪಥ್ಯ ಮಾಡಿ ಪ್ರಯೋಜನವಿಲ್ಲ.

ಅತ್ತೆಯವರಿಗೆ ಈ ಉತ್ತರವನ್ನು ಓದಿ ಹೇಳಿ. ಅಡುಗೆ ಅವರ ಕೈಯಲ್ಲಿದ್ದರೆ ಅವರ ನೆರವಿಲ್ಲದೆ ಇದು ಆಗುವ ಕೆಲಸವಲ್ಲ. ಬೇರೆ ಪಾತ್ರೆಯಲ್ಲಿ ಬೇರೆ ಅಡುಗೆ ಮಾಡುವ ಅಗತ್ಯವೂ ಇಲ್ಲ, ಸಾರು ಕುದಿಯುವಾಗ ಈರುಳ್ಳಿ-ಬೆಳ್ಳುಳ್ಳಿ ಬೀಳುವ ಮುಂಚೆ ನಿಮ್ಮ ಪಾಲು ತೆಗೆದಿಟ್ಟರೆ ಸಾಕು.

ವಾರಕ್ಕೊಮ್ಮೆ, ಒಂದೇ ದಿನ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. ಹೀಗೆ ತಿನ್ನಲು ಶುರುಮಾಡಿ ಒಂದು ತಿಂಗಳಾದರೂ ತೂಕ ಏರದಿದ್ದರೆ, ಅಥವಾ 45ಕ್ಕಿಂತ ಕೆಳಗೆ ಇಳಿದರೆ, ಇದು ಪಥ್ಯದಿಂದ ಆದದ್ದಲ್ಲ ಎಂದೇ ತಿಳಿದು ಗ್ಯಾಸ್ಟ್ರೋಎಂಟರಾಲಜಿಸ್ಟ್ ಬಳಿ ಹೋಗಿ. ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ಭೇದಿ, ಸಂಜೆ ಬರುವ ಜ್ವರ, ರಕ್ತ ಕಡಿಮೆ ಎಂಬ ವರದಿ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಅಥವಾ ಐಬಿಡಿ ಇದ್ದದ್ದು ಇವುಗಳಲ್ಲಿ ಒಂದಿದ್ದರೂ ತಿಂಗಳು ಕಾಯಬೇಡಿ, ಈ ವಾರವೇ ಹೋಗಿ. ಹೋಗುವಾಗ ಹಳೆಯ ಕೊಲೊನೋಸ್ಕೋಪಿ ವರದಿ, ಬಯಾಪ್ಸಿ ವರದಿ, ತೂಕ ಬರೆದ ಪುಸ್ತಕ ಮೂರನ್ನೂ ತೆಗೆದುಕೊಂಡು ಹೋಗಿ.